ರೂಟರ್‌ನಲ್ಲಿ ಪೋರ್ಟ್ ಓಪನ್ ಮಾಡುವುದು: ಮೊದಲು ಏನು ನೋಡಬೇಕು, ಆಮೇಲೆ ಏನು ಮಾಡಬೇಕು

ಅಡಿಕೆ ಕೊಯ್ಲು ಶುರುವಾಯಿತು ಅಂದರೆ ತೀರ್ಥಹಳ್ಳಿಯ ನನ್ನ ಅಂಗಡಿಗೆ ಒಂದೇ ತರಹದ ಫೋನ್‌ಗಳು. ಅಂಗಳದಲ್ಲಿ ಅಡಿಕೆ ಒಣಗುತ್ತಿದೆ, ಕ್ಯಾಮೆರಾ ಹಾಕಿಸಿಯಾಗಿದೆ, ಮನೆಯ ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಬೆಂಗಳೂರಿನಲ್ಲಿರುವ ಮಗನಿಗೆ ಕಾಣುತ್ತಿಲ್ಲ. "ಎಂತದೋ ಪೋರ್ಟ್ ಓಪನ್ ಮಾಡ್ಬೇಕಂತಲ್ಲ ಮಾರಾಯಾ, ಒಂದ್ಸಲ ಬಂದು ಮಾಡಿ ಹೋಗು" ಅನ್ನುತ್ತಾರೆ.

ರೂಟರ್‌ನಲ್ಲಿ ಆ ಒಂದು ಸಾಲು ಬರೆಯುವುದು ಎರಡು ನಿಮಿಷದ ಕೆಲಸ. ಅದಕ್ಕೆ ನನ್ನನ್ನು ಕರೆಸಬೇಕಾಗಿಲ್ಲ. ಸಮಯ ಹೋಗುವುದು ಅದಕ್ಕಿಂತ ಮೊದಲು ನೋಡಬೇಕಾದ್ದನ್ನು ನೋಡದೆ ಇದ್ದಾಗ. ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಕ್ಯಾಮೆರಾಗೋಸ್ಕರ ಪೋರ್ಟ್ ಓಪನ್ ಮಾಡಿ ಅಂದರೆ ನಾನು ಒಪ್ಪುವುದಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ.

ರೂಟರ್ ಮಾಡುವ ಕೆಲಸ ಏನು ಅನ್ನುವುದು ಮೊದಲು ಗೊತ್ತಿರಲಿ. ನಮ್ಮ ಕಡೆ ಮನೆಗಳು ಒಂದೊಂದು ಗುಡ್ಡದ ಆಚೆ. ಎಷ್ಟೋ ಊರುಗಳಲ್ಲಿ ಪಾರ್ಸೆಲ್ ತರುವವರು ಮನೆ ತನಕ ಬರುವುದಿಲ್ಲ, ಬಸ್‌ಸ್ಟಾಪಿನ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರೆ. ನೀವು ಮೊದಲೇ "ನನಗೊಂದು ಪಾರ್ಸೆಲ್ ಬರ್ತದೆ" ಅಂದಿದ್ದರೆ ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಯಾರದ್ದು ಅಂತಲೇ ಗೊತ್ತಿಲ್ಲದ್ದು ವಾಪಸ್ ಹೋಗುತ್ತದೆ. ರೂಟರ್ ಆ ಅಂಗಡಿಯವರ ಹಾಗೆ. ಹೊರಗಿನ ಲೋಕಕ್ಕೆ ನಿಮ್ಮ ಇಡೀ ಮನೆಗೆ ಇರುವುದು ಒಂದೇ ಐಪಿ ವಿಳಾಸ. ಒಳಗೆ ಫೋನು, ಟಿವಿ, ಕ್ಯಾಮೆರಾದ ಚಿತ್ರ ತುಂಬಿಡುವ ಡಿವಿಆರ್ ಪೆಟ್ಟಿಗೆ, ಲ್ಯಾಪ್‌ಟಾಪ್ ಎಲ್ಲಕ್ಕೂ ಬೇರೆ ಬೇರೆ ವಿಳಾಸ. ಒಳಗಿನಿಂದ ಯಾರಾದರೂ ಏನಾದರೂ ಕೇಳಿದರೆ ರೂಟರ್ ಅದನ್ನು ನೆನಪಿಟ್ಟುಕೊಂಡು, ಬಂದ ಉತ್ತರವನ್ನು ಅವರಿಗೇ ತಲುಪಿಸುತ್ತದೆ. ಯಾರೂ ಕೇಳದೆ ಹೊರಗಿನಿಂದ ಬಂದದ್ದನ್ನು ಸುಮ್ನೆ ಬಿಸಾಡುತ್ತದೆ. "ಈ ನಂಬರಿಗೆ ಬಂದದ್ದನ್ನು ಆ ಸಾಧನಕ್ಕೆ ಕೊಡು" ಅಂತ ಮೊದಲೇ ಬರೆದಿಡುವುದೇ ಪೋರ್ಟ್ ಫಾರ್ವರ್ಡಿಂಗ್. ಕೆಲವು ರೂಟರ್‌ಗಳ ಮೆನುವಿನಲ್ಲಿ ವರ್ಚುವಲ್ ಸರ್ವರ್ ಅಂತ ಇರುತ್ತದೆ, ಎರಡೂ ಒಂದೇ.

ಪೋರ್ಟ್ ಅಂದರೆ ಆ ನಂಬರ್. 65535ರ ತನಕ ಇವೆ. ಸಾಮಾನ್ಯ ವೆಬ್ ಪುಟಕ್ಕೆ 80, ಬೀಗದ ಗುರುತಿನ ವೆಬ್ ಪುಟಕ್ಕೆ 443, ಲಿನಕ್ಸ್ ಕಂಪ್ಯೂಟರ್ ಒಳಗೆ ದೂರದಿಂದ ಹೋಗಲು 22, ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ಗೆ 3389, ಕ್ಯಾಮೆರಾದ ವಿಡಿಯೋಗೆ 554. ಇವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲು ನೋಡಬೇಕಾದ್ದು: ನಿಮ್ಮ ಐಪಿ ನಿಮ್ಮದೇನಾ?

ಇದನ್ನು ನೋಡದೆ ರೂಟರ್ ಮುಟ್ಟಬೇಡಿ. ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಇಲ್ಲೇ ಮುಗಿಯುತ್ತವೆ.

ರೂಟರ್ ಪುಟಕ್ಕೆ ಹೋಗಿ. ಬ್ರೌಸರ್‌ನಲ್ಲಿ 192.168.0.1 ಅಥವಾ 192.168.1.1 ಅಂತ ಹಾಕಿದರೆ ಸಾಮಾನ್ಯವಾಗಿ ಬರುತ್ತದೆ. ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ರೂಟರ್ ಅಡಿಯ ಸ್ಟಿಕ್ಕರ್‌ನಲ್ಲಿ ಇರುತ್ತವೆ. ಸ್ಟಿಕ್ಕರ್ ಮೇಲಿನ ಪಾಸ್‌ವರ್ಡ್ ಇನ್ನೂ ನಡೆಯುತ್ತಿದೆ ಅಂದರೆ ಬೇರೆಲ್ಲ ಬಿಟ್ಟು ಮೊದಲು ಅದನ್ನು ಬದಲಾಯಿಸಿ. ಸ್ಟೇಟಸ್ ಪುಟದಲ್ಲಿ ವ್ಯಾನ್ (WAN, ಅಂದರೆ ರೂಟರ್‌ನ ಹೊರಗಿನ ಕಡೆ) ಅಂತ ಒಂದು ಭಾಗ ಇದೆ. ಅಲ್ಲಿನ ಐಪಿ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಅದೇ ವೈಫೈನಲ್ಲಿ ಗೂಗಲ್‌ಗೆ ಹೋಗಿ ನನ್ನ ಐಪಿ ಯಾವುದು ಅಂತ ಇಂಗ್ಲಿಷ್‌ನಲ್ಲಿ ಕೇಳಿ. ಎರಡೂ ಒಂದೇ ಆಗಿದ್ದರೆ ಕೆಲಸ ಮುಂದುವರಿಸಬಹುದು.

ಬೇರೆ ಬೇರೆ ಬಂದರೆ ವ್ಯಾನ್ ವಿಳಾಸವನ್ನು ಸರಿಯಾಗಿ ನೋಡಿ. 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನಿಮ್ಮ ಇಂಟರ್‌ನೆಟ್ ಕಂಪನಿ ಒಂದೇ ಹೊರಗಿನ ವಿಳಾಸವನ್ನು ತುಂಬಾ ಮನೆಗಳಿಗೆ ಹಂಚಿದೆ ಅಂತ ಅರ್ಥ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಇದಕ್ಕೆಂದೇ ಆ ನಂಬರ್‌ಗಳನ್ನು 2012ರಲ್ಲಿ ತೆಗೆದಿಟ್ಟರು. ಯಾಕೆ ಹೀಗೆ ಅಂದರೆ, ಹಳೆಯ ಐಪಿವಿ4 ಪದ್ಧತಿಯಲ್ಲಿ ಒಟ್ಟು ವಿಳಾಸಗಳೇ ಸುಮಾರು 430 ಕೋಟಿ. ಲೋಕಕ್ಕೆ ಹಂಚುವ ಉಗ್ರಾಣ 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಈಗ ಮನೆ ಮನೆಗೆ ಫೈಬರ್ ಬಂದಿದೆ, ಕೊಡಲು ವಿಳಾಸ ಇಲ್ಲ. ಸಿಜಿನ್ಯಾಟ್ ಇದ್ದಲ್ಲಿ ನಿಮ್ಮ ರೂಟರ್‌ನಲ್ಲಿ ಎಷ್ಟು ಸಾಲು ಬರೆದರೂ ಪ್ರಯೋಜನ ಇಲ್ಲ. ಹೊರಗಿನಿಂದ ಬಂದದ್ದು ಕಂಪನಿಯ ಯಂತ್ರದಲ್ಲೇ ನಿಲ್ಲುತ್ತದೆ, ನಿಮ್ಮ ರೂಟರ್ ತನಕ ಬರುವುದೇ ಇಲ್ಲ. ಇಂಥ ಮನೆಗಳಲ್ಲಿ ಏನು ಮಾಡಬಹುದು ಅಂತ ಆಮೇಲೆ ಹೇಳುತ್ತೇನೆ.

ವ್ಯಾನ್ ವಿಳಾಸ 192.168ರಿಂದ ಶುರುವಾಗಿದ್ದರೆ ಕಥೆ ಬೇರೆ ಇರಬಹುದು. ಮನೆಯಲ್ಲಿ ಎರಡು ಡಬ್ಬ ಇವೆಯಾ ನೋಡಿ. ಫೈಬರ್ ವಯರ್ ಬಂದು ಸೇರುವ ಒಎನ್‌ಟಿ ಒಂದು. ಅದರ ವೈಫೈ ಅಡುಗೆಮನೆ ತನಕ ಬರುವುದಿಲ್ಲ ಅಂತ ಶಿವಮೊಗ್ಗದಿಂದ ತಂದ ರೂಟರ್ ಇನ್ನೊಂದು. ನಮ್ಮ ಹಳೆಯ ಮನೆಗಳ ಮಣ್ಣಿನ ಗೋಡೆ ದಪ್ಪ, ವೈಫೈ ದಾಟುವುದು ಕಷ್ಟ, ಹಾಗಾಗಿ ಎರಡು ಡಬ್ಬ ಇಲ್ಲಿ ಮಾಮೂಲು. ಎರಡೂ ರೂಟರ್ ಕೆಲಸ ಮಾಡುತ್ತಿದ್ದರೆ ಹೊರಗಿನಿಂದ ಬಂದದ್ದು ಎರಡು ಕಡೆ ತಡೆಯಾಗುತ್ತದೆ. ಸುಲಭದ ದಾರಿ ಎಂದರೆ ಎರಡನೇ ರೂಟರ್‌ನ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಆಯ್ಕೆ ಮಾಡುವುದು. ಆಗ ಅದು ಬರೀ ವೈಫೈ ಹಂಚುತ್ತದೆ, ಸಾಲು ಬರೆಯುವುದು ಒಎನ್‌ಟಿಯಲ್ಲಿ ಮಾತ್ರ. ಹಳೇ ರೂಟರ್‌ನಲ್ಲಿ ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಅದರ ಒಳಗಿನ ವಿಳಾಸ ಒಎನ್‌ಟಿಯದ್ದೇ ಆಗದ ಹಾಗೆ ಬದಲಾಯಿಸಿ, ಒಎನ್‌ಟಿಯಿಂದ ಬಂದ ವಯರನ್ನು ನೀಲಿ ವ್ಯಾನ್ ತೂತಿಗೆ ಹಾಕದೆ ಪಕ್ಕದ ಲ್ಯಾನ್ ತೂತಿಗೆ ಹಾಕಿ. ಇದರ ತಿರುಗುಮುರುಗೂ ಮಾಡಬಹುದು. ಒಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಬರೀ ದಾಟಿಸುವ ಹಾಗೆ) ಹಾಕಿಸಿ, ಸಂಪರ್ಕಕ್ಕೆಂದು ಕಂಪನಿ ಕೊಟ್ಟ ಪಿಪಿಪಿಒಇ ಯೂಸರ್‌ನೇಮ್ ಪಾಸ್‌ವರ್ಡನ್ನು ನಿಮ್ಮ ರೂಟರ್‌ಗೆ ಕೊಡುವುದು. ನನಗೆ ಇದೇ ಇಷ್ಟ, ಯಾಕೆಂದರೆ ಒಎನ್‌ಟಿ ಮೆನುಗಳು ಒಂದಕ್ಕೊಂದು ಸಂಬಂಧ ಇಲ್ಲದ ಹಾಗಿರುತ್ತವೆ. ಆದರೆ ಇದಕ್ಕೆ ಕೇಬಲ್‌ನವರ ಸಹಾಯ ಬೇಕು.

ಒಳಗಿನ ವಿಳಾಸ ಅಲುಗಾಡಬಾರದು

ಈಗ ಉದಾಹರಣೆಗೆ ನಮ್ಮ ಮನೆಯದ್ದನ್ನೇ ತೆಗೆದುಕೊಳ್ಳುತ್ತೇನೆ. ಮನೆ ಇರುವುದು ಆಗುಂಬೆ ರಸ್ತೆಯ ಕಡೆ. ಹಿತ್ತಲಲ್ಲಿ ಮಳೆ ಅಳೆಯುವ ಒಂದು ಡಬ್ಬ ಇಟ್ಟಿದ್ದೇನೆ. ಒಳಗೆ ಜೋಡಿ ಬಟ್ಟಲು. ಒಂದು ತುಂಬಿದ ತಕ್ಷಣ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಮಗುಚಿದ ಪ್ರತಿ ಸಲವೂ ಟಕ್ ಅಂತ ಒಂದು ಸಿಗ್ನಲ್ ಜಗಲಿಯಲ್ಲಿರುವ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್‌ಗೆ ಹೋಗುತ್ತದೆ. ಅದು ಲೆಕ್ಕ ಮಾಡಿ ಇಂದಿನ ಮಳೆ ಎಷ್ಟು ಅಂತ ಒಂದು ವೆಬ್ ಪುಟ ತೋರಿಸುತ್ತದೆ. ಮಿಲಿಮೀಟರ್‌ನಲ್ಲೂ ಇಂಚಿನಲ್ಲೂ ತೋರಿಸಬೇಕು, ಯಾಕೆಂದರೆ ನಮ್ಮಲ್ಲಿ ಹಿರಿಯರಿಗೆ ಇಂಚಿನಲ್ಲಿ ಹೇಳದಿದ್ದರೆ ಮಳೆ ಬಂದ ಹಾಗೇ ಅಲ್ಲ. 25.4 ಮಿಲಿಮೀಟರಿಗೆ ಒಂದು ಇಂಚು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಅಕ್ಕಪಕ್ಕದ ತೋಟದವರು ಈ ಪುಟ ನೋಡುತ್ತಾರೆ. ಅವರು ಅವರ ಮನೆಯಿಂದಲೇ ನೋಡಬೇಕಾದರೆ ಪೋರ್ಟ್ ಓಪನ್ ಇರಬೇಕು.

ರೂಟರ್ ಪ್ರತಿ ಸಾಧನಕ್ಕೂ ತಾನೇ ಒಂದು ವಿಳಾಸ ಕೊಡುತ್ತದೆ. ಕರೆಂಟ್ ಹೋಗಿ ಬಂದಾಗ ಅದು ಬದಲಾಗಬಹುದು. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಪೈಯ ವಿಳಾಸದ ಕೊನೆಗೆ ಇಂದು 101, ನಾಳೆ 104 ಬಂದರೆ ನೀವು ಬರೆದ ಸಾಲು ಟಿವಿಗೋ ಫೋನಿಗೋ ಹೋಗುತ್ತದೆ. ಅದಕ್ಕೆ ಡಿಎಚ್‌ಸಿಪಿ ಮೆನುವಿನಲ್ಲಿ ಅಡ್ರೆಸ್ ರಿಸರ್ವೇಶನ್ ಎಂಬುದನ್ನು ತೆರೆಯಿರಿ. ಅಲ್ಲಿ ಸಾಧನದ ಮ್ಯಾಕ್ ವಿಳಾಸವನ್ನೂ ನಿಮಗೆ ಬೇಕಾದ ಐಪಿಯನ್ನೂ ಜೋಡಿಸಿ. ಮ್ಯಾಕ್ ಅಂದರೆ ಸಾಧನದ ನೆಟ್‌ವರ್ಕ್ ಚಿಪ್ಪಿನ ಗುರುತು, ಹನ್ನೆರಡು ಅಕ್ಷರ ಅಂಕಿಗಳದ್ದು. ರೂಟರ್‌ಗೆ ಈಗ ಯಾರು ಯಾರು ಸೇರಿದ್ದಾರೆ ಅನ್ನುವ ಪಟ್ಟಿಯಲ್ಲೇ ಸಿಗುತ್ತದೆ. ಹಳೇ ಮೊಬೈಲನ್ನು ಕ್ಯಾಮೆರಾ ಮಾಡಿಕೊಂಡವರು ಒಂದು ಗಮನಿಸಿ: ಈಗಿನ ಫೋನ್‌ಗಳು ಗುಟ್ಟು ಕಾಪಾಡಲು ಸುಳ್ಳು ಮ್ಯಾಕ್ ತೋರಿಸುತ್ತವೆ. ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ನಿಮ್ಮ ಮನೆಯ ನೆಟ್‌ವರ್ಕ್‌ಗೆ ಮಾತ್ರ ಅದನ್ನು ಆಫ್ ಮಾಡಿ.

ನಮ್ಮ ಮನೆಯ ಒಳವಿಳಾಸಗಳನ್ನು ನಾನು 192.168.47ಕ್ಕೆ ಬದಲಾಯಿಸಿದ್ದೇನೆ. 47ಕ್ಕೆ ವಿಶೇಷ ಅರ್ಥ ಏನೂ ಇಲ್ಲ, ಬೇರೆಯವರ ಮನೆಯಲ್ಲಿ ಇರಲಾರದ ನಂಬರ್ ಅಷ್ಟೇ. ಇದರ ಲಾಭ ಮುಂದೆ ಗೊತ್ತಾಗುತ್ತದೆ. ಪೈಗೆ ಕೊಟ್ಟದ್ದು 192.168.47.20.

ಸಾಧನದಲ್ಲೇ ವಿಳಾಸ ಕೈಯಾರೆ ಹಾಕಿದ್ದರೆ ಗೇಟ್‌ವೇ ಎಂಬ ಖಾನೆಯನ್ನು ನೋಡಲೇಬೇಕು. ಅದರಲ್ಲಿ ನಿಮ್ಮ ರೂಟರ್‌ನ ವಿಳಾಸ ಇರಬೇಕು. ಡಿವಿಆರ್‌ಗಳಲ್ಲಿ ಇದೊಂದು ದೊಡ್ಡ ತಲೆನೋವು. ಕಂಪನಿಯಿಂದ ಬರುವಾಗ ಅದರಲ್ಲಿ 192.168.1.1 ಇರುತ್ತದೆ, ನಿಮ್ಮ ರೂಟರ್ 192.168.0.1ರಲ್ಲಿ ಕೂತಿರುತ್ತದೆ. ಮನೆಯೊಳಗೆ ಎಲ್ಲ ಸರಿ. ಹೊರಗಿನಿಂದ ಕೇಳಿದ್ದೂ ಡಿವಿಆರ್ ತನಕ ಬರುತ್ತದೆ. ಆದರೆ ಉತ್ತರ ಎತ್ತ ಕಳಿಸಬೇಕು ಅಂತ ಡಿವಿಆರ್‌ಗೆ ಗೊತ್ತಿಲ್ಲ. ಫಿಟ್ಟಿಂಗ್ ಮಾಡಿದವರು ಒಳಗೆ ಕಂಡಿತು ಅಂತ ಹೊರಟುಬಿಡುತ್ತಾರೆ. ಎಲ್ಲ ಸರಿ ಇದ್ದೂ ಹೊರಗಿನಿಂದ ಆಗುತ್ತಿಲ್ಲ ಅಂದರೆ ನಾನು ಮೊದಲು ನೋಡುವುದೇ ಈ ಖಾನೆಯನ್ನು.

ಈಗ ಆ ಎರಡು ನಿಮಿಷದ ಕೆಲಸ

ಮೊದಲು ವೈಫೈನಲ್ಲೇ ಇದ್ದು ಬ್ರೌಸರ್‌ನಲ್ಲಿ 192.168.47.20 ಹಾಕಿ. ಮಳೆಯ ಪುಟ ಬಂದರೆ ಮುಂದೆ ಹೋಗಿ. ಒಳಗೇ ಬರದ್ದು ಹೊರಗಿನಿಂದ ಬರುವುದಿಲ್ಲ.

ಟಿಪಿ-ಲಿಂಕ್‌ನ ಹಳೇ ಹಸಿರು ಪುಟದಲ್ಲಿ ಎಡಗಡೆ ಫಾರ್ವರ್ಡಿಂಗ್, ಅದರೊಳಗೆ ವರ್ಚುವಲ್ ಸರ್ವರ್ಸ್. ಹೊಸದರಲ್ಲಿ ಅಡ್ವಾನ್ಸ್ಡ್, ಅದರೊಳಗೆ ನ್ಯಾಟ್ ಫಾರ್ವರ್ಡಿಂಗ್. ಬೇರೆ ಕಂಪನಿಯವುಗಳಲ್ಲಿ ಅಡ್ವಾನ್ಸ್ಡ್, ನ್ಯಾಟ್ ಅಥವಾ ಫೈರ್‌ವಾಲ್ ಅಂತ ಇರುವ ಕಡೆ ಹುಡುಕಿ. ಆಡ್ ಒತ್ತಿದರೆ ನಾಲ್ಕು ಖಾನೆ ಬರುತ್ತವೆ. ಹೊರಗಿನ ಪೋರ್ಟ್‌ಗೆ ನಾನು ಹಾಕಿದ್ದು 8085. ಒಳಗಿನ ಐಪಿ 192.168.47.20. ಒಳಗಿನ ಪೋರ್ಟ್ 80. ಪ್ರೋಟೋಕಾಲ್, ಅಂದರೆ ಡೇಟಾ ಕಳಿಸುವ ಪದ್ಧತಿ, ಟಿಸಿಪಿ; ಇನ್ನೊಂದು ಪದ್ಧತಿ ಯುಡಿಪಿ. ಎನೇಬಲ್ ಗುರುತು ಹಾಕಿ ಸೇವ್ ಮಾಡಿ. ಹಳೇ ಪುಟದಲ್ಲಿ ಹೊರಗಿನ ಪೋರ್ಟ್‌ಗೆ ಸರ್ವಿಸ್ ಪೋರ್ಟ್ ಅಂತ ಹೆಸರು.

ಹೊರಗೂ ಒಳಗೂ ಒಂದೇ ನಂಬರ್ ಇರಬೇಕು ಅಂತ ಇಲ್ಲ. ಹೊರಗೆ 80 ಹಾಕಿದರೆ ಎರಡು ತೊಂದರೆ ಬರಬಹುದು. ಕೆಲವು ಇಂಟರ್‌ನೆಟ್ ಕಂಪನಿಗಳು ಮನೆಯ ಸಂಪರ್ಕಗಳಿಗೆ ಹೊರಗಿನಿಂದ 80 ಬರಲು ಬಿಡುವುದಿಲ್ಲ. ಇನ್ನೊಂದು, ರೂಟರ್‌ನ ರಿಮೋಟ್ ಮ್ಯಾನೇಜ್‌ಮೆಂಟ್ ಆನ್ ಇದ್ದರೆ ಅದೇ 80 ಅಥವಾ 8080ರಲ್ಲಿ ಕೂತಿರಬಹುದು. ಅಂದಹಾಗೆ ಆ ರಿಮೋಟ್ ಮ್ಯಾನೇಜ್‌ಮೆಂಟ್ ಆನ್ ಇದ್ದರೆ ಈಗಲೇ ಆಫ್ ಮಾಡಿ. ನಿಮ್ಮ ರೂಟರ್‌ನ ಸೆಟ್ಟಿಂಗ್ ಪುಟ ಇಡೀ ಲೋಕಕ್ಕೆ ಕಾಣಬೇಕಾದ ಅಗತ್ಯ ಏನೂ ಇಲ್ಲ.

ಪ್ರೋಟೋಕಾಲ್‌ನಲ್ಲಿ ಗೊತ್ತಾಗದಿದ್ದರೆ ಆಲ್ ಹಾಕಿ ಅಂತ ಹೇಳುವವರಿದ್ದಾರೆ. ಯಾವುದು ಬೇಕೋ ಅದನ್ನು ಮಾತ್ರ ಹಾಕಿ. ವೆಬ್ ಪುಟಕ್ಕೆ ಟಿಸಿಪಿ ಸಾಕು.

ಅದೇ ಮೆನುವಿನಲ್ಲಿ ಇನ್ನೂ ಮೂರು ಹೆಸರು ಕಾಣುತ್ತವೆ. ಪೋರ್ಟ್ ಟ್ರಿಗರಿಂಗ್ ಅಂದರೆ ಒಳಗಿನಿಂದ ಒಂದು ಪೋರ್ಟ್‌ನಲ್ಲಿ ಕೇಳಿದಾಗ ಮಾತ್ರ ಹೊರಗಿನ ಇನ್ನೊಂದು ತೆರೆಯುತ್ತದೆ. ಈ ಕೆಲಸಕ್ಕೆ ಅದು ಬೇಡ. ಡಿಎಂಜೆಡ್ ಅಂದರೆ ಎಲ್ಲ ಪೋರ್ಟ್‌ಗಳಿಗೆ ಬಂದದ್ದನ್ನೂ ಒಂದೇ ಸಾಧನಕ್ಕೆ ಕಳಿಸುವುದು. "ಏನೂ ಆಗ್ತಿಲ್ಲ ಅಂದ್ರೆ ಡಿಎಂಜೆಡ್ ಹಾಕು" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಪರೀಕ್ಷೆಗೆ ಐದು ನಿಮಿಷ ಹಾಕಿ ತೆಗೆದರೆ ಪರವಾಗಿಲ್ಲ, ಬಿಟ್ಟು ಮರೆತರೆ ಕೆಟ್ಟಿತು. ಯುಪಿಎನ್‌ಪಿ ಆನ್ ಇದ್ದರೆ ಮನೆಯೊಳಗಿನ ಸಾಧನಗಳು ನಿಮ್ಮನ್ನು ಕೇಳದೆಯೇ ತಮಗೆ ಬೇಕಾದ ಪೋರ್ಟ್ ತೆರೆದುಕೊಳ್ಳುತ್ತವೆ. ಆಟ ಆಡುವ ಮಕ್ಕಳಿಗೆ ಅನುಕೂಲ, ನಿಜ. ಅಗ್ಗದ ಕ್ಯಾಮೆರಾ ಇರುವ ಮನೆಯಲ್ಲಿ ನಾನು ಅದನ್ನು ಆಫ್ ಮಾಡಿಯೇ ಬರುತ್ತೇನೆ.

ಪರೀಕ್ಷೆ ಹೊರಗಿನಿಂದಲೇ ಮಾಡಿ

ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾ ಆನ್ ಮಾಡಿ. ನಮ್ಮ ಊರಲ್ಲಿ ಇದಕ್ಕೆ ದಿಣ್ಣೆ ಹತ್ತಬೇಕಾಗಬಹುದು, ಅದು ಬೇರೆ ಮಾತು. ಬ್ರೌಸರ್‌ನಲ್ಲಿ ನಿಮ್ಮ ಹೊರಗಿನ ಐಪಿ, ಆಮೇಲೆ ಎರಡು ಚುಕ್ಕಿಯ ಗುರುತು (:), ಆಮೇಲೆ 8085 ಹಾಕಿ. ವೈಫೈನಲ್ಲೇ ಕೂತು ಹೊರಗಿನ ಐಪಿ ಹಾಕಿ ಪರೀಕ್ಷಿಸಿದರೆ ಮೋಸ ಹೋಗುತ್ತೀರಿ. ಒಳಗಿನಿಂದ ಹೊರಟು ತನ್ನದೇ ಹೊರವಿಳಾಸಕ್ಕೆ ತಿರುಗಿ ಬರುವುದನ್ನು ಕೆಲವು ರೂಟರ್‌ಗಳು ಮಾಡುತ್ತವೆ, ಕೆಲವು ಮಾಡುವುದಿಲ್ಲ. ಸಾಲು ಸರಿಯಾಗಿದ್ದರೂ ಆಗಲಿಲ್ಲ ಅಂತ ನೀವು ಅಳಿಸಿಬಿಡುತ್ತೀರಿ.

ಬರದಿದ್ದರೆ ಹೇಗೆ ಬರಲಿಲ್ಲ ಅನ್ನುವುದನ್ನು ನೋಡಿ. ತಕ್ಷಣ ನಿರಾಕರಿಸಲಾಗಿದೆ ಎಂಬ ಅರ್ಥದ ಸಂದೇಶ ಬಂದರೆ, ಹೆಚ್ಚಾಗಿ ದಾರಿ ಸರಿ ಇದೆ, ಆದರೆ ಆ ಪೋರ್ಟ್‌ನಲ್ಲಿ ಉತ್ತರಿಸುವ ಪ್ರೋಗ್ರಾಂ ಓಡುತ್ತಿಲ್ಲ, ಅಥವಾ ಒಳಗಿನ ಪೋರ್ಟ್ ನಂಬರ್ ತಪ್ಪಿದೆ. ತುಂಬ ಹೊತ್ತು ಸುತ್ತಿ ಸುತ್ತಿ ಆಮೇಲೆ ಸಮಯ ಮೀರಿತು ಅಂದರೆ ದಾರಿಯಲ್ಲೇ ಎಲ್ಲೋ ನಿಂತಿದೆ. ಸಿಜಿನ್ಯಾಟ್, ತಪ್ಪು ಒಳವಿಳಾಸ, ತಪ್ಪು ಗೇಟ್‌ವೇ, ವಿಂಡೋಸ್ ಆಗಿದ್ದರೆ ಹೊರಗಿನದ್ದನ್ನು ತಡೆಯುವ ಅದರ ಫೈರ್‌ವಾಲ್. ಈ ಕ್ರಮದಲ್ಲಿ ನೋಡಿ. ಪೋರ್ಟ್ ತೆರೆದಿದೆಯಾ ಅಂತ ಹೇಳುವ ವೆಬ್‌ಸೈಟ್‌ಗಳೂ ಇವೆ. ಅವು ಸಾಮಾನ್ಯವಾಗಿ ಟಿಸಿಪಿ ಮಾತ್ರ ನೋಡುತ್ತವೆ, ಯುಡಿಪಿ ಸಾಲಿಗೆ ಅವುಗಳ ಮಾತು ನಂಬಬೇಡಿ.

ಡಿವಿಆರ್‌ಗೆ ಯಾಕೆ ಬೇಡ

ಮಳೆಯ ಪುಟವನ್ನು ಯಾರು ನೋಡಿದರೂ ನನಗೆ ನಷ್ಟ ಇಲ್ಲ. ಅದರಲ್ಲಿ ಇರುವುದು ಮಳೆ ಲೆಕ್ಕ. ಅಲ್ಲಿ ಲಾಗಿನ್ ಇಲ್ಲ, ಏನನ್ನೂ ಬದಲಾಯಿಸಲು ಬರುವುದಿಲ್ಲ. ಹಾಗಿದ್ದೂ ಪೈಯನ್ನು ಆಗಾಗ ಅಪ್‌ಡೇಟ್ ಮಾಡುತ್ತಿರುತ್ತೇನೆ. ಡಿವಿಆರ್ ಹಾಗಲ್ಲ.

ನಮ್ಮ ಹಳ್ಳಿ ಮನೆಯ ಡಿವಿಆರನ್ನು ಯಾರು ಹುಡುಕಿಕೊಂಡು ಬರುತ್ತಾರೆ ಅಂತ ಜನ ಕೇಳುತ್ತಾರೆ. ಮನುಷ್ಯರು ಯಾರೂ ಹುಡುಕುವುದಿಲ್ಲ, ಪ್ರೋಗ್ರಾಂಗಳು ಹುಡುಕುತ್ತವೆ. 2013ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ಜಡ್‌ಮ್ಯಾಪ್ ಎಂಬ ಸಾಧನ ತಂದರು. ಒಂದು ಗಿಗಾಬಿಟ್ ಸಂಪರ್ಕ ಇದ್ದರೆ ಲೋಕದ ಎಲ್ಲ ಐಪಿವಿ4 ವಿಳಾಸಗಳಲ್ಲಿ ಒಂದು ಪೋರ್ಟ್ ತೆರೆದಿದೆಯಾ ಅಂತ 45 ನಿಮಿಷದೊಳಗೆ ನೋಡಿಬಿಡಬಹುದು ಅಂತ ಅವರೇ ತೋರಿಸಿದರು. ಅದರಲ್ಲಿ ತೀರ್ಥಹಳ್ಳಿ, ಬೆಂಗಳೂರು ಅಂತ ಭೇದ ಇಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಂ ಹೀಗೇ ಹುಡುಕಿ, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಡಿವಿಆರ್, ಕ್ಯಾಮೆರಾ, ರೂಟರ್‌ಗಳನ್ನು ಹಿಡಿಯಿತು. ಅದಕ್ಕೆ ಬೇಕಾದದ್ದು ಅರವತ್ತು ಚಿಲ್ಲರೆ ಯೂಸರ್‌ನೇಮ್ ಪಾಸ್‌ವರ್ಡ್ ಜೋಡಿ ಅಷ್ಟೇ. ಆ ವರ್ಷ ಅಕ್ಟೋಬರ್ 21ರಂದು ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿ ಕೊಡುವ ಡಿನ್ ಎಂಬ ಕಂಪನಿಯ ಮೇಲೆ ಹೀಗೆ ಸೆರೆ ಸಿಕ್ಕ ಸಾಧನಗಳಿಂದ ದಾಳಿ ಮಾಡಿಸಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಥರದ ದೊಡ್ಡ ಸೈಟ್‌ಗಳೇ ಸಿಗದಾದವು. ಕ್ಯಾಮೆರಾದ ಯಜಮಾನರಿಗೆ ಮಾತ್ರ ಏನೂ ಗೊತ್ತಿಲ್ಲ, ಅವರ ಅಂಗಳ ಎಂದಿನ ಹಾಗೆ ಟಿವಿಯಲ್ಲಿ ಕಾಣುತ್ತಲೇ ಇತ್ತು.

ಪಾಸ್‌ವರ್ಡ್ ಬದಲಾಯಿಸಿದರೆ ಸಾಲದಾ? ಕೆಲವು ಸಲ ಸಾಲದು. 2021ರಲ್ಲಿ ಹೆಸರಾಂತ ಕ್ಯಾಮೆರಾಗಳಲ್ಲೇ ಪಾಸ್‌ವರ್ಡ್ ಇಲ್ಲದೆ ಒಳನುಗ್ಗಬಹುದಾದ ಒಂದು ಲೋಪ ಹೊರಬಂತು. ತಯಾರಕರು ಸರಿ ಮಾಡಿದ ಫರ್ಮ್‌ವೇರ್ (ಸಾಧನದೊಳಗಿನ ಮೂಲ ಪ್ರೋಗ್ರಾಂ) ಕೊಟ್ಟರು. ಆದರೆ ಡಿವಿಆರ್‌ಗೆ ಫರ್ಮ್‌ವೇರ್ ಅಪ್‌ಡೇಟ್ ಮಾಡುವ ಮನೆಯನ್ನು ನಮ್ಮ ತಾಲ್ಲೂಕಿನಲ್ಲಿ ನಾನು ಇನ್ನೂ ನೋಡಬೇಕಷ್ಟೆ. ಡಿವಿಆರ್ ಜೊತೆ ಬಂದ 37777ರ ಬದಲು 45123 ಅಂತ ಪೋರ್ಟ್ ನಂಬರ್ ಬದಲಾಯಿಸಿದರೆ ಸಿಗುವುದಿಲ್ಲ ಅಂತ ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಗದ್ದಲ ಕಡಿಮೆಯಾಗುತ್ತದೆ, ಅಪಾಯ ಹಾಗೇ ಇರುತ್ತದೆ.

ಹಾಗಾದರೆ ಮಗ ಅಂಗಳ ನೋಡುವುದು ಹೇಗೆ

ಒಂದೇ ಒಂದು ಪೋರ್ಟ್ ತೆರೆಯಿರಿ, ಅದು ವಿಪಿಎನ್‌ಗೆ, ಅಂದರೆ ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಬರುವ ಬೀಗ ಹಾಕಿದ ದಾರಿಗೆ ಇರಲಿ. ಅದರ ಮೂಲಕ ಬಂದವರು ಮನೆಯೊಳಗೇ ಕೂತ ಹಾಗೆ. ಆಮೇಲೆ ಡಿವಿಆರ್, ಪೈ, ಲ್ಯಾಪ್‌ಟಾಪಿನ ಫೈಲ್‌ಗಳು ಎಲ್ಲವೂ ಸಿಗುತ್ತವೆ. ಬೇರೆ ಬೇರೆ ಸಾಲು ಬೇಡ.

ನಾನು ಹಾಕುವುದು ವೈರ್‌ಗಾರ್ಡ್ ಎಂಬ ವಿಪಿಎನ್. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಿಂದ ಅದು ಲಿನಕ್ಸ್‌ನ ಒಳಗೇ ಇದೆ. ಫೋನಿಗೆ ಉಚಿತ ಆ್ಯಪ್ ಇದೆ. ಇದರ ಒಂದು ಗುಣ ನನಗೆ ತುಂಬಾ ಇಷ್ಟ: ಸರಿಯಾದ ಕೀ (ಗುಟ್ಟಿನ ಸಂಕೇತ) ಇಲ್ಲದವರು ಎಷ್ಟು ತಟ್ಟಿದರೂ ತುಟಿಪಿಟಕ್ ಅನ್ನುವುದಿಲ್ಲ. ಹುಡುಕುವ ಪ್ರೋಗ್ರಾಂಗೆ ಅಲ್ಲಿ ಏನೋ ಇದೆ ಅಂತಲೂ ಗೊತ್ತಾಗುವುದಿಲ್ಲ.

ಪೈನಲ್ಲಿ ವೈರ್‌ಗಾರ್ಡ್ ಹಾಕಿ, ಪೈಗೆ ಒಂದು ಜೋಡಿ ಕೀ, ಪ್ರತಿ ಫೋನಿಗೂ ಬೇರೆ ಬೇರೆ ಜೋಡಿ ಕೀ ಮಾಡಿ. ಒಂದೇ ಕೀಯನ್ನು ಮನೆಮಂದಿಗೆಲ್ಲ ಹಂಚಬೇಡಿ, ಒಬ್ಬರ ಫೋನ್ ಕಳೆದರೆ ಎಲ್ಲರದ್ದೂ ಬದಲಾಯಿಸಬೇಕಾಗುತ್ತದೆ. ಸೆಟ್ಟಿಂಗನ್ನು ಕ್ಯೂಆರ್ ಕೋಡ್ ಮಾಡಿ ತೋರಿಸಿದರೆ ಫೋನ್ ಸ್ಕ್ಯಾನ್ ಮಾಡಿಕೊಳ್ಳುತ್ತದೆ. ರೂಟರ್‌ನಲ್ಲಿ ಸಾಲು: ಹೊರಗೆ 51820, ಒಳಗೆ 51820, ಐಪಿ 192.168.47.20, ಪ್ರೋಟೋಕಾಲ್ ಯುಡಿಪಿ. ಇಲ್ಲಿ ಟಿಸಿಪಿ ಹಾಕಿದರೆ ಕೆಲಸ ಮಾಡುವುದಿಲ್ಲ. ಫೋನ್ ಕಡೆಯ ಅಲೌಡ್ ಐಪೀಸ್ ಖಾನೆಯಲ್ಲಿ ನಿಮ್ಮ ಮನೆಯ ವಿಳಾಸಗಳನ್ನು ಮಾತ್ರ ಕೊಟ್ಟರೆ, ಮಗ ಬೆಂಗಳೂರಿನಲ್ಲಿ ನೋಡುವ ಸಿನಿಮಾ ನಿಮ್ಮ ಮನೆಯ ಫೈಬರ್ ಮೇಲೆ ಹಾದು ಹೋಗುವುದಿಲ್ಲ.

ಇಲ್ಲಿ ಎರಡು ಕಡೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ವಿಪಿಎನ್ ಸೇರಿತು, ಪೈ ಸಿಗುತ್ತದೆ, ಡಿವಿಆರ್ ಸಿಗುವುದಿಲ್ಲ ಅಂದರೆ ಪೈನಲ್ಲಿ ಐಪಿ ಫಾರ್ವರ್ಡಿಂಗ್ (ಬಂದದ್ದನ್ನು ಬೇರೆ ಸಾಧನಕ್ಕೆ ದಾಟಿಸುವುದು) ಆನ್ ಮಾಡಿಲ್ಲ, ಅಥವಾ ಮಾಸ್ಕ್ವೆರೇಡ್ (ಉತ್ತರ ಪೈಗೇ ವಾಪಸ್ ಬರುವ ಹಾಗೆ ಮಾಡುವ) ಸಾಲು ಹಾಕಿಲ್ಲ. ಎರಡನೆಯದು, ಮಗ ಇರುವ ಪಿಜಿಯ ವೈಫೈಯೂ ನಿಮ್ಮ ಮನೆಯದೂ ಎರಡೂ 192.168.0 ಆಗಿದ್ದರೆ ಅವನ ಫೋನ್ ಡಿವಿಆರನ್ನು ಪಿಜಿಯಲ್ಲೇ ಹುಡುಕುತ್ತದೆ. ನಾನು 47 ಹಾಕಿದ್ದು ಅದಕ್ಕೇ. ಕೆಲವು ರೂಟರ್‌ಗಳಲ್ಲೇ ವಿಪಿಎನ್ ಸರ್ವರ್ ಇರುತ್ತದೆ. ಹಾಗಿದ್ದರೆ ಪೈಯೂ ಬೇಡ, ಫಾರ್ವರ್ಡಿಂಗ್ ಸಾಲೂ ಬೇಡ.

ನೋಡುವಾಗ ಡಿವಿಆರ್ ಆ್ಯಪ್‌ನಲ್ಲಿ ಸಬ್ ಸ್ಟ್ರೀಮ್ ಆಯ್ಕೆ ಮಾಡಿ, ಅದು ಕಡಿಮೆ ಡೇಟಾದ ಸಣ್ಣ ಚಿತ್ರ. ನಾಲ್ಕು ಕ್ಯಾಮೆರಾದ ಪೂರ್ತಿ ಚಿತ್ರ ಕಳಿಸುವಷ್ಟು ಅಪ್‌ಲೋಡ್ ವೇಗ ನಮ್ಮ ಕಡೆ ಎಲ್ಲರಿಗೂ ಇರುವುದಿಲ್ಲ. ಅಂಗಳದಲ್ಲಿ ಮಂಗ ಬಂತಾ ಅಂತ ನೋಡಲು ಸಣ್ಣ ಚಿತ್ರವೇ ಸಾಕು.

ಹೊರಗಿನ ಐಪಿ ಬದಲಾದರೆ

ಪಬ್ಲಿಕ್ ಐಪಿ ಇದ್ದರೂ ಅದು ಸ್ಥಿರ ಅಂತ ಇಲ್ಲ. ರೂಟರ್ ಆಫ್ ಆಗಿ ಆನ್ ಆದಾಗ ಹೊಸದು ಬರಬಹುದು. ಅದಕ್ಕೆ ಡಿಡಿಎನ್‌ಎಸ್ ಇದೆ, ಅಂದರೆ ಬದಲಾಗುವ ಐಪಿಗೆ ಬದಲಾಗದ ಒಂದು ಹೆಸರು. ಡಕ್‌ಡಿಎನ್‌ಎಸ್, ನೋ-ಐಪಿ ಇಂಥವುಗಳಲ್ಲಿ ಒಂದು ಹೆಸರು ಉಚಿತವಾಗಿ ತೆಗೆದುಕೊಳ್ಳಬಹುದು. ಐಪಿ ಬದಲಾದಾಗ ರೂಟರ್ ಅಥವಾ ಪೈ ತಾನೇ ಹೋಗಿ ತಿಳಿಸುತ್ತದೆ. ಫೋನಿನಲ್ಲಿ ನಂಬರ್ ಬದಲು ಆ ಹೆಸರು ಹಾಕಿ. ನೋ-ಐಪಿಯ ಉಚಿತ ಹೆಸರನ್ನು 30 ದಿನಕ್ಕೊಮ್ಮೆ ಖಾತ್ರಿ ಮಾಡಬೇಕು, ಮರೆತರೆ ಹೋಗುತ್ತದೆ. ನಾನು ಡಕ್‌ಡಿಎನ್‌ಎಸ್‌ ಇಟ್ಟುಕೊಂಡಿರುವುದು ಆ ರಗಳೆ ಇಲ್ಲ ಅಂತ. ವೈರ್‌ಗಾರ್ಡ್ ಆ್ಯಪ್ ಆ ಹೆಸರನ್ನು ಸೇರುವಾಗ ಒಮ್ಮೆ ಮಾತ್ರ ನೋಡುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಚಿತ್ರ ನಿಂತಿದ್ದರೆ ಆ್ಯಪನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಲು ಮಗನಿಗೆ ಹೇಳಿ.

ಸಿಜಿನ್ಯಾಟ್ ಇರುವ ಮನೆಗಳಿಗೆ

ಮೊದಲು ಇಂಟರ್‌ನೆಟ್ ಕಂಪನಿಯವರನ್ನು ಸ್ಟ್ಯಾಟಿಕ್ ಐಪಿ (ನಿಮಗೊಬ್ಬರಿಗೇ ಇರುವ, ಬದಲಾಗದ ಹೊರವಿಳಾಸ) ಕೊಡುತ್ತೀರಾ ಅಂತ ಕೇಳಿ. ಕೆಲವರು ಬೇರೆ ದುಡ್ಡು ತೆಗೆದುಕೊಂಡು ಕೊಡುತ್ತಾರೆ. ಬರೀ ಕ್ಯಾಮೆರಾಗೆ ಇದು ದುಬಾರಿ ಅಂತ ನನ್ನ ಅಭಿಪ್ರಾಯ.

ಟೇಲ್‌ಸ್ಕೇಲ್ ಎಂಬ ವಿಪಿಎನ್ ಸೇವೆ ಹಾಕುವುದು ಸುಲಭ. ಅದೂ ಒಳಗೆ ವೈರ್‌ಗಾರ್ಡೇ. ಮನೆಯ ಪೈಯೂ ಮಗನ ಫೋನೂ ಎರಡೂ ಒಳಗಿನಿಂದ ಹೊರಗೆ ಹೋಗಿ ಒಂದು ಕಡೆ ಸೇರಿಕೊಳ್ಳುತ್ತವೆ. ಹೊರಗಿನಿಂದ ಯಾರೂ ಕರೆಯಬೇಕಾಗಿಲ್ಲ, ಹಾಗಾಗಿ ಪೋರ್ಟ್ ತೆರೆಯುವ ಮಾತೇ ಇಲ್ಲ. ಪೈಯನ್ನು ಸಬ್‌ನೆಟ್ ರೂಟರ್ (ಮನೆಯ ಬೇರೆ ಸಾಧನಗಳಿಗೂ ದಾರಿ ಕೊಡುವಂಥದ್ದು) ಮಾಡಿದರೆ ಡಿವಿಆರ್ ಕೂಡ ಸಿಗುತ್ತದೆ. ಈಗ ಹೊಸ ಮನೆಗಳಲ್ಲಿ ನಾನು ಹೆಚ್ಚಾಗಿ ಇದನ್ನೇ ಹಾಕುತ್ತಿದ್ದೇನೆ.

ಕ್ಯಾಮೆರಾ ಕಂಪನಿಯ ಆ್ಯಪ್‌ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ನೋಡುವುದೂ ಸಿಜಿನ್ಯಾಟ್‌ನಲ್ಲಿ ನಡೆಯುತ್ತದೆ. ಆಗ ಸಾಧನದ ದಾರಿ ಆ ಕಂಪನಿಯ ಸರ್ವರ್ ಮೂಲಕ. ಅಂಗಳದ ಕ್ಯಾಮೆರಾಗೆ ಪರವಾಗಿಲ್ಲ. ಮನೆಯೊಳಗಿನ ಕ್ಯಾಮೆರಾಗೆ ನಾನಾಗಿದ್ದರೆ ಹಾಕುವುದಿಲ್ಲ.

ಇನ್ನೊಂದು ದಾರಿ ಐಪಿವಿ6, ಐಪಿವಿ4ರ ನಂತರ ಬಂದ ಹೊಸ ವಿಳಾಸ ಪದ್ಧತಿ. ಸಿಜಿನ್ಯಾಟ್ ಇದ್ದ ಮನೆಯಲ್ಲೂ ಐಪಿವಿ6 ಸಿಗುತ್ತಿರಬಹುದು. ರೂಟರ್ ಸ್ಟೇಟಸ್ ಪುಟದಲ್ಲಿ 2ರಿಂದ ಶುರುವಾಗುವ ಉದ್ದದ ವಿಳಾಸ ಇದ್ದರೆ ಅದು ಹೊರಗಿನದ್ದೇ. ಎಫ್‌ಇ80ಯಿಂದ ಶುರುವಾದದ್ದು ಮನೆಯೊಳಗಿನದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಐಪಿವಿ6ನಲ್ಲಿ ಪ್ರತಿ ಸಾಧನಕ್ಕೂ ತನ್ನದೇ ಹೊರವಿಳಾಸ ಇರುತ್ತದೆ, ಫಾರ್ವರ್ಡಿಂಗ್ ಬೇಕಿಲ್ಲ. ಐಪಿವಿ6 ಫೈರ್‌ವಾಲ್‌ನಲ್ಲಿ ಪೈಯ ವಿಳಾಸಕ್ಕೆ ಆ ಒಂದು ಪೋರ್ಟ್ ಬಿಡಿ ಅಂದರೆ ಸಾಕು. ಆದರೆ ನೋಡುವವರ ಕಡೆಯೂ ಐಪಿವಿ6 ಇರಬೇಕು. ಮೊಬೈಲ್ ಡೇಟಾದಲ್ಲಿ ಸಾಮಾನ್ಯವಾಗಿ ಇರುತ್ತದೆ, ಆಫೀಸಿನ ವೈಫೈನಲ್ಲಿ ಇಲ್ಲದಿರಬಹುದು.

ಎಲ್ಲ ಸರಿಯಾದ ಮೇಲೆ

ರೂಟರ್‌ನ ಸಿಸ್ಟಂ ಟೂಲ್ಸ್ ಒಳಗೆ ಬ್ಯಾಕಪ್ ಇದೆ. ಒತ್ತಿ, ಬಂದ ಫೈಲನ್ನು ಮೇಲ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಏಪ್ರಿಲ್ ಮೇ ತಿಂಗಳ ಗುಡುಗಿನ ಮಳೆಗೆ ಎಷ್ಟು ರೂಟರ್ ಹೋಗುತ್ತವೆ ಅಂತ ನನ್ನ ಅಂಗಡಿಯ ಮೂಲೆ ನೋಡಿದರೆ ಗೊತ್ತಾಗುತ್ತದೆ. ಫೈಬರ್ ಗಾಜಿನದ್ದು, ಅದರೊಳಗೆ ಕರೆಂಟ್ ಬರುವುದಿಲ್ಲ. ಆದರೆ ಅಡಾಪ್ಟರ್ ವಯರಿನಲ್ಲಿ ಬರುತ್ತದೆ, ಅಂಗಳದ ಕ್ಯಾಮೆರಾದಿಂದ ಬಂದ ಉದ್ದನೆಯ ತಾಮ್ರದ ವಯರಿನಲ್ಲಂತೂ ಬರುತ್ತದೆ. ಗುಡುಗು ಹತ್ತಿರ ಬಂದರೆ ಎರಡನ್ನೂ ಕಿತ್ತಿಡಿ. ಬ್ಯಾಕಪ್ ಫೈಲ್ ಸಾಮಾನ್ಯವಾಗಿ ಅದೇ ಮಾಡೆಲ್‌ಗೆ ಮಾತ್ರ ಹಿಡಿಸುತ್ತದೆ, ಹೊಸ ರೂಟರ್ ಬೇರೆ ಕಂಪನಿಯದ್ದಾದರೆ ಪ್ರಯೋಜನಕ್ಕೆ ಬರುವುದಿಲ್ಲ. ಹಾಗಾಗಿ ಹೊರಗಿನ ಪೋರ್ಟ್, ಒಳಗಿನ ಐಪಿ, ಒಳಗಿನ ಪೋರ್ಟ್, ಟಿಸಿಪಿಯೋ ಯುಡಿಪಿಯೋ, ಪಿಪಿಪಿಒಇ ಯೂಸರ್‌ನೇಮ್ ಇಷ್ಟನ್ನು ಅಡಿಕೆ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಡಿ. ಪಕ್ಕದಲ್ಲಿ ಯಾತಕ್ಕೆ ತೆರೆದದ್ದು ಅಂತಲೂ ಒಂದು ಮಾತು ಇರಲಿ. ಮುಂದಿನ ವರ್ಷ ಆ ಸಾಧನ ಮನೆಯಲ್ಲಿ ಇಲ್ಲದಿದ್ದರೆ ಆ ಸಾಲನ್ನು ರೂಟರ್‌ನಿಂದ ಅಳಿಸಿ.